ಬೆಣ್ಣೆಯ ಹಾಜರಿ

ನಮ್ಮೂರಿನವರು ಹಾಲಿನ ಕ್ಯಾನಿನ ಮುಚ್ಚಳ ತೆಗೆಯುವ ಮೊದಲು ಬಾಯಿಯ ಮುಚ್ಚಳ ತೆಗೆಯುತ್ತಾರೆ. ಬೆಳಗ್ಗೆ ಡೈರಿಯ ಬಾಗಿಲು ತೆರೆದರೆ ಸಾಕು, ನಾನು ಹಾಲಿನ ಫ್ಯಾಟು ನೋಡಿ ಮುಗಿಸುವಷ್ಟರಲ್ಲಿ ಒಂದು ಸರ್ಕಾರ ಬಿದ್ದು ಇನ್ನೊಂದು ಎದ್ದಿರುತ್ತದೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಹಾಲಿಗೆ ನೀರು ಬೆರೆಸಿ ತಂದವನೇ ದೇಶದಲ್ಲಿ ಕಳ್ಳರು ಹೆಚ್ಚಾದರು ಎಂದು ಗಂಟಲು ಹರಿದುಕೊಂಡಾಗ ಮಾತ್ರ, ಅವನ ಹಾಲಿನ ಡಿಗ್ರಿಯನ್ನು ಕೊನೆಯಲ್ಲಿ ನಿಂತವರಿಗೂ ಕೇಳುವ ಹಾಗೆ ಓದುತ್ತೇನೆ. ಅಷ್ಟು ಖುಷಿಯಾದರೂ ಬೇಡವೇ ನನಗೆ?

ಈ ಬಾಯಿಗಳಲ್ಲೆಲ್ಲ ದೊಡ್ಡದು ನನ್ನ ಸ್ವಂತ ಅಣ್ಣನದು. ಊರವರು ಅವನನ್ನು ಮೈಕು ಎಂದೇ ಕರೆಯುವುದು. ಅವನು ಹೊಲದಲ್ಲಿ ನಿಂತು ತನ್ನ ಹಸುವನ್ನು ಕೂಗಿದರೆ ಪಕ್ಕದೂರಿನ ಹಸುವೂ ಹೊರಟು ಬರುತ್ತದೆ ಎಂದು ತಮಾಷೆ ಮಾಡುತ್ತಾರೆ. ಅವನಿಗೆ ಇದ್ದದ್ದು ಒಂದೇ ಹಾಡು, ಬಿಟ್ಟಿ. ಬಿಟ್ಟಿ ಕೊಟ್ಟೂ ಕೊಟ್ಟೂ ಜನ ಕೆಟ್ಟರು, ಬಿಟ್ಟಿ ತಿಂದೂ ತಿಂದೂ ಮೈಗಳ್ಳರಾದರು, ದುಡಿಯುವವನ ಬೆವರಿಗೆ ಬೆಲೆಯಿಲ್ಲ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. “ಅಲ್ಲಣ್ಣ, ಲೀಟರಿಗೆ ಇಷ್ಟು ಅಂತ ಸರ್ಕಾರ ನಿನಗೆ ಮೇಲಿಂದ ಕೊಡುತ್ತಲ್ಲ, ಅದೇನು?”

“ಅದು ಪ್ರೋತ್ಸಾಹಧನ ಕಣೇ. ನಾನು ದುಡೀತೀನಿ.”

“ಅರ್ಧ ಬೆಲೆಗೆ ಹಿಂಡಿ ತರ್ತೀಯಲ್ಲ?”

“ಅದು ಸಹಾಯಧನ.”

“ನನ್ನ ವಿಧವಾ ಪಿಂಚಣಿ?”

ಅಣ್ಣ ಕ್ಯಾನನ್ನು ಇನ್ನೊಂದು ಕೈಗೆ ಬದಲಿಸಿದ. “ನಿಂದು ಬೇರೆ. ನೀನು ನಮ್ಮೋಳು.”

“ಮತ್ತೆ ಬಿಟ್ಟಿ ಯಾರದಪ್ಪಾ?”

“ಅವರದು,” ಎಂದು ಕೈಯನ್ನು ಎಲ್ಲೋ ದೂರಕ್ಕೆ ಬೀಸಿದ. ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಆ ಸಾಲಿನಲ್ಲಿ ಸರ್ಕಾರದ ಯಾವುದಾದರೂ ಒಂದನ್ನು ಪಡೆಯದವರು ಒಬ್ಬರೂ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಇವರಿಗೆ ಏನು ಹೇಳುವುದು?

ಇನ್ನು ಬೆಣ್ಣೆಯ ವಿಷಯ. ಬೆಣ್ಣೆ ನನ್ನ ಅಣ್ಣನ ಒಬ್ಬಳೇ ಮಗಳು. ಹುಟ್ಟಿದಾಗ ಕೆನ್ನೆ ನೋಡಿ ನಾನೇ ಹಾಗೆ ಕರೆದದ್ದು. ಮೈ ಬೆಳೆಯಿತು, ಬುದ್ಧಿ ಎರಡು ವರ್ಷದ ಮಗುವಿನಷ್ಟಕ್ಕೇ ನಿಂತಿತು. ಮಾತಿಲ್ಲ. ಭಯವಂತೂ ಮೊದಲೇ ಇಲ್ಲ. ರಸ್ತೆಯಲ್ಲಿ ಗಾಲಿಯಿರುವ ಯಾವುದು ಬಂದರೂ ನಗುತ್ತಾ ಅದರ ಎದುರಿಗೇ ನಡೆಯುತ್ತಾಳೆ. ಮನೆ ಇರುವುದೋ ರಸ್ತೆಯ ಅಂಚಿನಲ್ಲಿ. ಹಾಗಾಗಿ ಅತ್ತಿಗೆ ಹಾಲು ಕರೆಯಲು ಕೂರುವಾಗ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಅವಳನ್ನು ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಇತ್ತ ಹಾಲು ಚೊರ್ ಚೊರ್ ಎಂದು ಬೀಳುವುದು, ಅತ್ತ ಮಗು ಬಾಗಿಲು ಬಡಿಯುವುದು. ಆ ಸದ್ದು ಡೈರಿಗೂ ಕೇಳುತ್ತಿತ್ತು. ಅತ್ತಿಗೆ ಅಳುತ್ತಲೇ ಹಾಲು ಕರೆಯುತ್ತಿದ್ದಳು.

ಅಷ್ಟರಲ್ಲಿ ಪೇಟೆಯಲ್ಲಿ ಇಂಥ ಮಕ್ಕಳಿಗೆ ಸರ್ಕಾರದ ಶಾಲೆ ಶುರುವಾಯಿತು, ಒಂದು ಪೈಸೆ ಖರ್ಚಿಲ್ಲ. ದಿನಾ ಬೆಳಗ್ಗೆ ಮನೆಯ ಮುಂದೆ ವ್ಯಾನು ಬರುವುದು, ಆಯಮ್ಮ ಇಳಿದು ಕೈಹಿಡಿದು ಹತ್ತಿಸಿಕೊಳ್ಳುವಳು, ಬೆಲ್ಟು ಕಟ್ಟುವಳು. ಬೆಣ್ಣೆ ಶಾಲೆಗೆ ಹೊರಟ ಮೊದಲ ವಾರವೇ ಅಣ್ಣ ಆ ಚಿಲಕವನ್ನು ಬಿಚ್ಚಿ ಗೊಬ್ಬರದ ಗುಂಡಿಗೆ ಎಸೆದ. “ಇನ್ನು ನನ್ನ ಮಗಳನ್ನ ದನ ಕೂಡಿದ ಹಾಗೆ ಕೂಡಲ್ಲ,” ಅಂದ. ಆ ದಿನ ಅವನ ಮುಖ ನೋಡಬೇಕಿತ್ತು ನೀವು.

ಶಾಲೆಯಲ್ಲಿ ಬೆಣ್ಣೆ ತಾನೇ ಉಣ್ಣುವುದನ್ನು ಕಲಿತಳು, ಬೂಟು ಹಾಕಿಕೊಳ್ಳುವುದನ್ನು ಕಲಿತಳು. ಎಲ್ಲಕ್ಕಿಂತ ಹೆಚ್ಚಾಗಿ ಹಾಜರಿ ಹೇಳುವುದನ್ನು ಕಲಿತಳು. ನಾನೊಮ್ಮೆ ಹೋಗಿ ಕಣ್ಣಾರೆ ನೋಡಿದ್ದೇನೆ. ಟೀಚರು ಒಬ್ಬೊಬ್ಬ ಮಗುವಿನ ಮುಂದೆಯೂ ಬಂದು ನಿಲ್ಲುತ್ತಾರೆ. ಮಗು ಕೈ ಎತ್ತಬೇಕು. ಟೀಚರು ಆ ಅಂಗೈಗೆ ತಮ್ಮ ಅಂಗೈ ತಾಗಿಸಿ “ಬಂದ್ಯಾ? ಕೂತ್ಕೋ,” ಅನ್ನುತ್ತಾರೆ. ಆಗ ಕೈ ಇಳಿಯುತ್ತದೆ. ಬೆಣ್ಣೆ ಹುಟ್ಟಿದಾಗಿನಿಂದ ಯಾರಿಗೂ ಯಾವುದಕ್ಕೂ ಉತ್ತರ ಕೊಟ್ಟವಳಲ್ಲ. ಕೈ ಎತ್ತಿದ್ದೇ ಅವಳ ಮೊದಲ ಮಾತು. ನಾನು ಅಲ್ಲೇ ಗೋಡೆಗೆ ಒರಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಆಮೇಲೆ ಚುನಾವಣೆ ಬಂತು. ಡೈರಿಯ ಮುಂದೆ ಸಭೆ. ಕ್ಯಾಂಡಿಡೇಟು ಒಳ್ಳೆಯ ಮಾತುಗಾರ. ಹಾಲು ಕರೆಯುವವರ ನಡು ನೋವಿನಿಂದ ಶುರುಮಾಡಿ ನೇರ ಬಿಟ್ಟಿಗೆ ಬಂದರು. “ಬಿಟ್ಟಿ ಯೋಜನೆಗಳನ್ನೆಲ್ಲ ನಿಲ್ಲಿಸಿ ಆ ದುಡ್ಡನ್ನ ನಿಮ್ಮ ಹಾಲಿಗೆ ಹಾಕ್ತೀವಿ. ಬೇಕು ಅನ್ನೋರು ಕೈ ಎತ್ತಿ!”

“ಎತ್ರಪ್ಪಾ ಎಲ್ರೂ!” ಎಂದು ಎಲ್ಲರಿಗಿಂತ ಮೊದಲು ಎತ್ತಿದವನು ನಮ್ಮ ಮೈಕು. ಇಡೀ ಊರು ಎತ್ತಿತು. ಆಗಷ್ಟೇ ವ್ಯಾನಿನಿಂದ ಇಳಿದು ಬೂಟು, ಬ್ಯಾಗಿನ ಸಮೇತ ನಿಂತಿದ್ದ ಬೆಣ್ಣೆ, ಇಷ್ಟೊಂದು ಜನ ಹಾಜರಿ ಹೇಳುವುದನ್ನು ಕಂಡು ಖುಷಿಯಿಂದ ತಾನೂ ಎತ್ತಿದಳು. ಎಲ್ಲರ ಕೈ ಇಳಿದ ಮೇಲೂ ಅವಳದು ಮೇಲೇ ಇತ್ತು. ಜನ ನಕ್ಕರು. ಕ್ಯಾಂಡಿಡೇಟು ಓಡಿಬಂದು ಅವಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಅಣ್ಣ ಹೋಗಿ ಅಂಗೈ ತಾಗಿಸಿ “ಬಂದ್ಯಾ? ಕೂತ್ಕೋ,” ಅಂದ ಮೇಲೆಯೇ ಅವಳು ಕೈ ಇಳಿಸಿದ್ದು.

ವಾರದಲ್ಲಿ ಆ ಫೋಟೊ ಪೋಸ್ಟರಾಗಿ ಬಂತು. ‘ಬಿಟ್ಟಿ ಬೇಡ, ಬೆಲೆ ಬೇಕು’ ಎಂಬ ಅಕ್ಷರದ ಕೆಳಗೆ ನಮ್ಮ ಬೆಣ್ಣೆ, ಕೈ ಎತ್ತಿಕೊಂಡು. ಅಣ್ಣ ಡೈರಿಯ ಗೋಡೆಗೆ ತಾನೇ ಅಂಟಿಸಿದ.

ಅತ್ತಿಗೆ ಮೆತ್ತಗಿನ ಹೆಂಗಸು. ಅಂದು ಮಾತ್ರ ಪೋಸ್ಟರು ನೋಡುತ್ತಾ ಕೇಳಿದಳು. “ರೀ, ನಮ್ಮ ವ್ಯಾನು ಯಾವ ಲೆಕ್ಕಕ್ಕೆ ಬರುತ್ತೆ?”

“ಅಯ್ಯೋ ಪೆದ್ದಿ, ಅದು ಸ್ಕೂಲು ಕಣೇ! ಸ್ಕೂಲನ್ನ ಯಾರಾದ್ರೂ ಬಿಟ್ಟಿ ಅಂತಾರಾ?”

ನಾನೂ ಹೇಳಿದೆ, ಒಂದು ಸಲ ವಿಚಾರಿಸು ಎಂದು. ನಿನಗೆ ರಾಜಕೀಯ ತಿಳಿಯಲ್ಲ, ಹಾಲಿನ ಡಿಗ್ರಿ ನೋಡು ಅಂದ. ಆಮೇಲೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಕ್ಯಾಂಡಿಡೇಟು ಗೆದ್ದರು. ಸುಳ್ಳು ಹೇಳಬಾರದು, ಮಾತಿಗೆ ತಪ್ಪುವ ಜನವಲ್ಲ, ಒಂದೊಂದನ್ನೂ ನಡೆಸಿಕೊಟ್ಟರು. ಹಾಲಿನ ಪ್ರೋತ್ಸಾಹಧನ ಏರಿತು. ಅಣ್ಣ ಡೈರಿಗೆ ಬಂದವರಿಗೆಲ್ಲ ಟೀ ಕೊಡಿಸಿದ. ಆ ಟೀಯ ಲೋಟಗಳನ್ನು ನಾನಿನ್ನೂ ತೊಳೆದಿರಲಿಲ್ಲ, ವ್ಯಾನು ಬರುವ ಹೊತ್ತು ದಾಟಿತ್ತು. ಬೆಣ್ಣೆ ಗೇಟಿನ ಬಳಿ ಬ್ಯಾಗು ಹಾಕಿಕೊಂಡು ನಿಂತೇ ಇದ್ದಳು. ಅಣ್ಣ ಡ್ರೈವರಿಗೆ ಫೋನು ಮಾಡಿದ.

“ಇನ್ನು ಬರಲ್ಲ ಅಣ್ಣ,” ಅಂದ ಡ್ರೈವರು. “ಗಾಡಿ ವಾಪಸ್ ತಗೊಂಡ್ರು. ಸ್ಕೂಲೂ ಮುಚ್ತು. ಎಲ್ಲಾ ಆ ಯೋಜನೆದೇ ಅಂತಲ್ಲ. ನಂಗೂ ಬೇರೆ ಕೆಲಸ ಎಲ್ಲಾದ್ರೂ ಇದ್ರೆ ಹೇಳಿ.”

ಅಣ್ಣ ನಂಬಲಿಲ್ಲ. ಮಗಳನ್ನು ಹಾಲಿನ ಆಟೋದಲ್ಲಿ ಕೂರಿಸಿಕೊಂಡು ಪೇಟೆಗೆ ಹೊರಟ. ನಾನು ಅವಳನ್ನು ಹಿಡಿದುಕೊಂಡು ಹಿಂದೆ ಕೂತೆ. ಶಾಲೆಯ ಗೇಟಿಗೆ ಬೀಗ. ಬೆಣ್ಣೆ ಇಳಿದವಳೇ ಗೇಟಿನ ಮುಂದೆ ನೆಟ್ಟಗೆ ನಿಂತು ಕೈ ಎತ್ತಿದಳು. ಅಣ್ಣ ಬೇಗ ಬೇಗ ಅಂಗೈ ತಾಗಿಸಿ “ಬಂದ್ಯಾ? ಕೂತ್ಕೋ, ಕೂತ್ಕೋ,” ಎಂದು ಮತ್ತೆ ಆಟೋಗೆ ಹತ್ತಿಸಿದ. ಅವಳು ತಿರುತಿರುಗಿ ಗೇಟನ್ನೇ ನೋಡುತ್ತಿದ್ದಳು.

ಅಲ್ಲಿಂದ ನೇರ ಗೆದ್ದವರ ಆಫೀಸಿಗೆ ಹೋದೆವು. ಕಾಯುವ ಕೋಣೆಯ ಗೋಡೆಯ ಮೇಲೆ ಬೆಣ್ಣೆಯ ಅದೇ ಫೋಟೊ, ಬಾಗಿಲಿನಷ್ಟು ಎತ್ತರ. ಅವರು ಅಣ್ಣನನ್ನು ಕಂಡವರೇ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದರು. “ಓಹೋ, ನಮ್ಮ ಮೈಕಣ್ಣ!” ಕುರ್ಚಿ ಕೊಟ್ಟರು, ನೀರು ತರಿಸಿದರು. ಎಲ್ಲವನ್ನೂ ಕೇಳಿದರು. ಕೆಟ್ಟ ಮಾತು ಒಂದೂ ಆಡಲಿಲ್ಲ.

“ನಾನೇನ್ ಮಾಡ್ಲಿ ಅಣ್ಣಾ? ನಿಲ್ಲಿಸಿ ಅಂತ ನೀವೇ ಕೈ ಎತ್ತಿದ್ರಿ. ಆ ದುಡ್ಡೇ ನಿಮ್ಮ ಹಾಲಿಗೆ ಬಂತು.”

“ನಾವು ನಿಲ್ಲಿಸಿ ಅಂದಿದ್ದು ಅವರದನ್ನ ಸಾರ್.”

“ಅವರದು ಅಂದ್ರೆ ಯಾರದು?”

ಅಣ್ಣ ಕೈಯನ್ನು ಕಿಟಕಿಯ ಕಡೆಗೆ ಬೀಸಿದ. ಅಲ್ಲಿ ಕಂಡದ್ದು ಹೊರಗೆ ನಿಂತಿದ್ದ ನಮ್ಮದೇ ಹಾಲಿನ ಆಟೋ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡದ್ದು ಎಂದರೆ ಇದೇ. ಬೆಣ್ಣೆ ಗೋಡೆಯ ಮೇಲಿನ ಬೆಣ್ಣೆಯನ್ನು ನೋಡಿ ಗುರುತು ಹಿಡಿದು ನಗುತ್ತಿದ್ದಳು. ನನಗೆ ಆ ಪೋಸ್ಟರನ್ನು ಹರಿದು ಹಾಕಬೇಕು ಅನ್ನಿಸಿತು. ಹರಿದಿದ್ದರೆ ಏನಾಗುತ್ತಿತ್ತು? ಇನ್ನೊಂದು ಅಂಟಿಸುತ್ತಿದ್ದರು, ಅಷ್ಟೆ.

ಸೋತವರ ಹತ್ತಿರವೂ ಹೋದೆವು, ಮಾನ ಬಿಟ್ಟು. ಅವರದು ಪೈಪಿನ ಅಂಗಡಿ. ಪೈಪು ಅಳೆಯುವುದನ್ನು ನಿಲ್ಲಿಸದೆಯೇ ಅಂದರು, “ನಿಮ್ಮೂರಲ್ಲಿ ನಂಗೆ ಬಿದ್ದ ಓಟಿಗೆ ಒಂದು ಕೈಯ ಬೆರಳೇ ಜಾಸ್ತಿ. ಗೆಲ್ಸಿದ್ದು ಅವರನ್ನ, ಅಳೋಕೆ ನನ್ನ ಹೆಗಲು ಬೇಕಾ? ಮುಂದಿನ ಸಲ ನೋಡೋಣ.” ಮುಂದಿನ ಸಲ ಎಂದರೆ ಐದು ವರ್ಷ. ಇಂಥ ಇನ್ನೊಂದು ಶಾಲೆ ಇರುವುದು ಒಂದು ಹಗಲಿನ ದಾರಿ ಆಚೆ. ಅಲ್ಲಿಯವರು ಹೊರಗಿನ ಮಕ್ಕಳಿಗೆ ಜಾಗವಿಲ್ಲ ಎಂದು ಫೋನು ಇಟ್ಟರು.

ಬೆಣ್ಣೆಗೆ ಇದನ್ನೆಲ್ಲ ಹೇಳುವವರು ಯಾರು, ಹೇಳಿದರೆ ತಿಳಿಯುವುದಾದರೂ ಹೇಗೆ? ದಿನಾ ಬೆಳಗ್ಗೆ ಬೂಟು ಹಾಕಿಕೊಂಡು ಗೇಟಿಗೆ ಹೋಗುತ್ತಾಳೆ. ಬರುವ ಗಾಡಿಗೆಲ್ಲ ಕೈ ಎತ್ತುತ್ತಾಳೆ. ಅತ್ತಿಗೆ ಹಾಲು ಕರೆಯುವುದು ಬಿಟ್ಟು ಅವಳ ರಟ್ಟೆ ಹಿಡಿದು ಕೂರತೊಡಗಿದಳು. ಕರೆಯುವವರಿಲ್ಲದೆ ಹಸುಗಳು ಕೆಚ್ಚಲು ಬಿಗಿದು ಒರಲುತ್ತಿದ್ದವು. ಅಣ್ಣ ಒಬ್ಬನೇ ಎಷ್ಟೆಂದು ಮಾಡಿಯಾನು, ಅರ್ಧದಷ್ಟು ಹಸು ಮಾರಿದ. ಏರಿದ ಪ್ರೋತ್ಸಾಹಧನ ಪಡೆಯಲು ಅವನ ಕ್ಯಾನಿನಲ್ಲಿ ಅಷ್ಟು ಹಾಲೇ ಇಲ್ಲ. ಸಾಲಿನಲ್ಲಿ ನಿಂತು ಅವನೀಗ ಮಾತಾಡುವುದಿಲ್ಲ. ಬೇರೆಯವರು ಮಾತ್ರ ಇನ್ನೂ ಬಿಟ್ಟಿಯ ಮಾತೇ ಆಡುತ್ತಾರೆ, ಅವನನ್ನು ಕಂಡಾಗ ಸ್ವಲ್ಪ ದನಿ ತಗ್ಗಿಸಿ.

ಒಂದು ಬೆಳಗ್ಗೆ ಹಸುವೊಂದು ಕರು ಹಾಕುತ್ತಿತ್ತು. ಅಣ್ಣ ಕೂಗಿದನೆಂದು ಅತ್ತಿಗೆ ಒಂದು ಗಳಿಗೆ ಒಳಗೆ ಹೋದಳು. ನಾನು ಡೈರಿಯ ಬಾಗಿಲಲ್ಲಿ ಹಾಲಿನ ಟ್ಯಾಂಕರಿಗೆ ಕಾಯುತ್ತಿದ್ದೆ. ಟ್ಯಾಂಕರು ತಿರುವಿನಲ್ಲಿ ಕಾಣಿಸಿತು. ರಸ್ತೆಯ ನಡುವೆ ಬೆಣ್ಣೆ, ಬ್ಯಾಗು ಹಾಕಿಕೊಂಡು, ಕೈ ಎತ್ತಿಕೊಂಡು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಬ್ರೇಕಿನ ಕಿರುಚಾಟ ಮಾತ್ರ ಕಿವಿಯಲ್ಲಿ ಉಳಿದಿದೆ. ಟ್ಯಾಂಕರಿನ ಮೂತಿ ಅವಳ ಅಂಗೈಗೆ ತಾಗಿ ನಿಂತಿತ್ತು. ಡ್ರೈವರು ಇಳಿದು ಬಂದು ರಸ್ತೆಯಲ್ಲೇ ಕುಕ್ಕರಿಸಿ ಕೂತ. ಬೆಣ್ಣೆ ನಗುತ್ತಿದ್ದಳು.

ಅವತ್ತೇ ಸಂಜೆ ಅಣ್ಣ ಡೈರಿಗೆ ಬಂದ. ಕೈಯಲ್ಲಿ ಹೊಸ ಚಿಲಕ. “ಸ್ಕ್ರೂಡ್ರೈವರ್ ಕೊಡೇ,” ಅಂದ.

ಬಯ್ಯಲು ಎಷ್ಟೊಂದು ಮಾತು ಕೂಡಿಟ್ಟಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಮುಖದ ಮೇಲೇ ಅನ್ನಬೇಕು ಅಂದುಕೊಂಡಿದ್ದೆ. ಸ್ಕ್ರೂಡ್ರೈವರ್ ತೆಗೆದುಕೊಂಡು ನಾನೂ ಅವನ ಹಿಂದೆ ಹೋದೆ.

ಕೊಟ್ಟಿಗೆಯ ಪಕ್ಕದ ಕೋಣೆಯ ಬಾಗಿಲಲ್ಲಿ ಹಳೆಯ ತೂತುಗಳು ಹಾಗೇ ಇದ್ದವು. ಚಿಲಕ ಅಲ್ಲಿಗೆ ಸರಿಯಾಗಿ ಕೂತಿತು. ಸ್ಕ್ರೂ ಮತ್ತೆ ಮತ್ತೆ ಜಾರುತ್ತಿತ್ತು, ನಾನು ಹಿಡಿದುಕೊಂಡೆ. ಬೆಣ್ಣೆಯನ್ನು ಒಳಗೆ ಬಿಟ್ಟು ಅಣ್ಣ ಚಿಲಕ ಹಾಕಿದ. ಅತ್ತಿಗೆ ಕೊಟ್ಟಿಗೆಯಲ್ಲಿ ಬೆನ್ನು ತಿರುಗಿಸಿ ಹಾಲು ಕರೆಯುತ್ತಿದ್ದಳು. ಒಳಗಿನಿಂದ ಬಾಗಿಲು ಬಡಿಯುವ ಸದ್ದಿಗಾಗಿ ನಾವು ಮೂವರೂ ಕಾದೆವು. ಬಡಿಯಲಿಲ್ಲ.

ಕಿಟಕಿಯಿಂದ ನೋಡಿದೆವು. ಬೆಣ್ಣೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಾಳೆ. ಕಾಲಲ್ಲಿ ಬೂಟು, ಮಡಿಲಲ್ಲಿ ಬ್ಯಾಗು. ಕೈ ಮೇಲೆ ಎತ್ತಿದ್ದಾಳೆ.

ಅಣ್ಣ ಸರಳುಗಳ ನಡುವೆ ಕೈ ತೂರಿಸಿದ. ಅವಳವರೆಗೆ ಎಟುಕಲಿಲ್ಲ. “ಬಂದ್ಯಾ?” ಅಂದ. ಊರೆಲ್ಲ ಕೇಳುವ ಆ ಗಂಟಲು ಕಿಟಕಿಯ ಆಚೆಗೂ ಸರಿಯಾಗಿ ದಾಟಲಿಲ್ಲ. “ಬಂದ್ಯಾ ಮಗಳೇ? ಕೂತ್ಕೋ.”

ಬೆಣ್ಣೆ ಅವನನ್ನೇ ನೋಡಿದಳು. ಕೈ ಇಳಿಸಲಿಲ್ಲ.

“ಕೂತ್ಕೋ,” ಅಂದ ಮತ್ತೆ.

ಸಂಜೆಯ ಹಾಲು ಹಾಕುವವರು ಡೈರಿಯ ಮುಂದೆ ಸಾಲುಗಟ್ಟಿ ನನ್ನನ್ನು ಕೂಗುತ್ತಿದ್ದರು. ನಾನು ಹೊರಟೆ. ಬೇಲಿ ದಾಟುವವರೆಗೂ ಅವನು ಅದನ್ನೇ ಹೇಳುತ್ತಿರುವುದು ಕೇಳಿಸುತ್ತಿತ್ತು.