ಬಿಳಿ ಎಳೆಗೆ ಎರಡು ಅಂಕ

ಆ ಅಂಕಪಟ್ಟಿ ತಯಾರಿಸಿದವಳು ನಾನೇ, ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ. ರೇಖೆ, ಆಕಾರ, ವರ್ಣ, ಮೈವಳಿಕೆ, ಸಮತೋಲನ, ಲಯ, ಪ್ರಾಧಾನ್ಯ, ಏಕತೆ. ಒಂದೊಂದಕ್ಕೆ ಹತ್ತು ಅಂಕ. ನರಗುಂದದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಚಿತ್ರಕಲೆ ಕಲಿಸುತ್ತಿದ್ದೇನೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಈ ಎಂಟನ್ನು ಒದರುತ್ತೇನೆ. ಚಿತ್ರ ಚೆಂದ ಇದೆ ಅಂದು ಸುಮ್ಮನಾಗಬೇಡಿ, ಕಣ್ಣು ಮೊದಲು ಎಲ್ಲಿ ನಿಂತಿತು, ಅಲ್ಲಿಂದ ಎಲ್ಲಿಗೆ ಹೋಯಿತು, ಯಾಕೆ ಹೋಯಿತು, ಅದನ್ನು ಬಾಯಿಬಿಟ್ಟು ಹೇಳಿ ಎಂದು ಮಕ್ಕಳ ತಲೆ ತಿನ್ನುತ್ತೇನೆ. ಬಾಯಿ ಬಿಡಬೇಕಾದ ದಿನ ನಾನೇ ಬಿಡಲಿಲ್ಲ.

ಹೋದ ಜನವರಿಯಲ್ಲಿ ರೋಣದಲ್ಲಿ ಕೈಮಗ್ಗದ ಸೀರೆಗಳ ಸ್ಪರ್ಧೆ ಇಟ್ಟರು. ನೇಕಾರರ ಸಂಘವೊಂದು ಗಜೇಂದ್ರಗಡದಲ್ಲಿ ನೇಯ್ಗೆ ಶಾಲೆ ತೆರೆಯುವುದಿತ್ತು. ಗೆದ್ದವರೇ ಅಲ್ಲಿ ಕಲಿಸುವವರು. ತೀರ್ಪುಗಾರರು ಇಬ್ಬರು, ನಾನು ಮತ್ತು ಹುಬ್ಬಳ್ಳಿ ಕಡೆಯ ಕಲಾ ಅಧ್ಯಾಪಕ ಶಶಿಕಾಂತ. ಸಂಬಂಧಿಕರು ಯಾರಾದರೂ ಸ್ಪರ್ಧೆಯಲ್ಲಿದ್ದಾರೆಯೇ ಎಂದು ಮೊದಲೇ ಕೇಳಿದ್ದರು. ಇಲ್ಲ ಎಂದು ಸಹಿ ಹಾಕಿದ್ದೆ, ಆಗ ನನಗೆ ಗೊತ್ತಿದ್ದದ್ದೂ ಅಷ್ಟೇ.

ನನ್ನ ಅಕ್ಕ ವೀರವ್ವ ಗಜೇಂದ್ರಗಡದಲ್ಲಿ ನಮ್ಮ ಅವ್ವನ ಮಗ್ಗದಲ್ಲೇ ಈಗಲೂ ನೇಯುತ್ತಾಳೆ. ಅದು ಕುಣಿಮಗ್ಗ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ನಾನು ಕಾಲೇಜಿನಲ್ಲಿ ಕುಂಚ ಹಿಡಿದು ಕಲೆ ಕಲಿಯುತ್ತಿದ್ದ ಐದು ವರ್ಷವೂ ಅವಳ ಕಾಲು ಆ ಕುಣಿಯೊಳಗಿತ್ತು, ಆಮೇಲೂ ಮೇಲೆ ಬರಲಿಲ್ಲ. ಈಗ ಮೊಣಕಾಲು ಪೂರಾ ಹೋಗಿವೆ. ಇನ್ನು ಕುಣಿಗೆ ಇಳಿಯಬೇಡ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದರು, ಇಳಿಯದೆ ಏನು ಮಾಡಬೇಕೆಂದು ಹೇಳಲಿಲ್ಲ. ಕುರ್ಚಿಯ ಮೇಲೆ ಕೂತು ಕಲಿಸುವ ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು. ಆದರೂ ಸೀರೆ ಕಳಿಸಿದ್ದನ್ನು ನನಗೆ ತಿಳಿಸಿರಲಿಲ್ಲ. ತಂಗಿ ಮಾತಾಡಿ ಕೊಡಿಸಿದಳು ಅನ್ನಿಸಿಕೊಳ್ಳುವುದು ಆಕೆಗೆ ಆಗುವುದಿಲ್ಲ.

ಸಭಾಭವನದಲ್ಲಿ ಹದಿನೇಳು ಸೀರೆ ತೂಗುಹಾಕಿದ್ದರು. ಹೆಸರಿಲ್ಲ, ನಂಬರು ಮಾತ್ರ. ಹನ್ನೊಂದನೆಯದರ ಮುಂದೆ ನನ್ನ ಕಾಲು ನಿಂತುಬಿಟ್ಟವು. ದಾಳಿಂಬೆ ಬಣ್ಣದ ಒಡಲು, ಹಳದಿ ಅಂಚು, ಒಡಲ ತುಂಬ ಅಡ್ಡಕ್ಕೆ ಮೂರು ಮೂರು ಕರಿ ಗೆರೆಗಳು ಒಂದೇ ಅಂತರದಲ್ಲಿ. ಅರ್ಧ ದಾಟಿ ಎರಡು ಗೇಣು ಆಚೆ, ಬಣ್ಣ ಹಾಕದ ಒಂದೇ ಒಂದು ಬಿಳಿ ಎಳೆ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಸೀರೆ ಮಗ್ಗದ ಮೇಲಿರುವಾಗ ಮನೆಯಲ್ಲಿ ಸಾವಾದರೆ ಲಾಳಿ ನಿಲ್ಲುತ್ತದೆ. ದಿನಗಳು ಮುಗಿದು ಮತ್ತೆ ಕೂತಾಗ ಮೊದಲು ಹಾಕುವುದು ಒಂದು ಬಿಳಿ ಎಳೆ, ಆಮೇಲೆ ಮುಂದಿನ ನೇಯ್ಗೆ. ಆ ಸೀರೆಯನ್ನು ಮಾರುವುದಿಲ್ಲ. ನೇಯ್ದದ್ದೆಲ್ಲ ಪೇಟೆಗೆ ಹೋಗುವ ಮನೆಯಲ್ಲಿ ನೇಯ್ದವರಿಗೆಂದು ಉಳಿಯುವುದು ಸಾವಿನ ಸೀರೆ ಮಾತ್ರ. ಸ್ಪರ್ಧೆಗೆ ಕಳಿಸಲು ವೀರವ್ವನ ಟ್ರಂಕಿನಲ್ಲಿದ್ದದ್ದೂ ಅದೊಂದೇ. ಮೂರು ವರ್ಷದ ಹಿಂದೆ ನಮ್ಮ ಅವ್ವ ಸಿದ್ದಲಿಂಗವ್ವ ತೀರಿಕೊಂಡಾಗ ಮಗ್ಗದ ಮೇಲಿದ್ದ ಸೀರೆ ಅದು.

ಮಣ್ಣಿಗೆ ಬಂದು ಮೂರನೆಯ ದಿನಕ್ಕೆ ನರಗುಂದಕ್ಕೆ ಮರಳಿದವಳು ನಾನು, ಪರೀಕ್ಷೆ ಇದ್ದವು. ಹಾಗಾಗಿ ಆ ಸೀರೆಯನ್ನು ಪೂರ್ತಿ ನೋಡಿದ್ದು ಅವತ್ತೇ ಮೊದಲು. ನೋಡಲು ಕಲಿತ ಕಣ್ಣು, ಸುಡಲಿ, ಎಲ್ಲವನ್ನೂ ನೋಡಿತು. ಮೂರು ಗೆರೆ, ಬಯಲು, ಮೂರು ಗೆರೆ, ಬಯಲು ಎಂದು ಕಣ್ಣು ಸಲೀಸಾಗಿ ಓಡುತ್ತದೆ, ಬಿಳಿ ಎಳೆಗೆ ಬಂದು ತಟ್ಟನೆ ನಿಲ್ಲುತ್ತದೆ. ಅಷ್ಟು ಗಾಢ ಬಣ್ಣದಲ್ಲಿ ಅಷ್ಟು ಸಣ್ಣ ಬಿಳುಪು ಇಡೀ ಆರು ಗಜವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ನಟ್ಟನಡುವೆ ಇದ್ದಿದ್ದರೆ ಅಲಂಕಾರ ಆಗುತ್ತಿತ್ತು, ಸರಿದು ಇರುವುದರಿಂದಲೇ ಎದೆಗೆ ಬಡಿಯುತ್ತದೆ. ಬೆರಳಾಡಿಸಿದೆ. ಎಳೆಯಿಂದ ಆಚೆ ಒಂದು ಗೇಣಿನಷ್ಟು ಬಟ್ಟೆ ಉಳಿದ ಕಡೆಗಿಂತ ಬಿಗಿಯಾಗಿತ್ತು. ಆವತ್ತು ವೀರವ್ವ ಎಳೆ ಕೂಡಿಸುವ ಮಗ್ಗದ ಹಲಗೆಯನ್ನು ಎಂದಿಗಿಂತ ಜೋರಾಗಿ ಬಡಿದಿದ್ದಳು. ನಾನಿಲ್ಲದ ಮನೆಯಲ್ಲಿ ಅವಳೊಬ್ಬಳೇ ಕೂತು ಬಡಿದದ್ದು ಬೆರಳ ತುದಿಗೆ ತಿಳಿಯಿತು.

ಶಶಿಕಾಂತ ಪಕ್ಕಕ್ಕೆ ಬಂದು ನಿಂತರು.

"ಮೇಡಂ, ನೀವು ಈ ಕಡಿಯವರು. ಈ ಎಳಿ ಬೇಕಂತ ಹಾಕಿದ್ದೋ, ತಪ್ಪಿ ಬಿದ್ದದ್ದೋ ಹೇಳ್ರಿ. ಬೇಕಂತ ಹಾಕಿದ್ದಾದ್ರ ಇಡೀ ಸೀರಿ ಅದರ ಮ್ಯಾಲ ನಿಂತೈತಿ, ಇದಕ್ಕ ಜೋಡಿ ಇಲ್ಲಿ ಇನ್ನೊಂದಿಲ್ಲ. ತಪ್ಪಿ ಬಿದ್ದದ್ದಾದ್ರ ಲಯ ಕೆಟ್ಟಂಗಾತು."

ಒಂದು ಮಾತು ಸಾಕಿತ್ತು. ಆದರೆ ಆ ಮಾತು ಆಡಿದರೆ ಸೀರೆ ಯಾರದೆಂದು ನನಗೆ ಗೊತ್ತೆಂದಾಗುತ್ತದೆ. ಅಕ್ಕನಿಗೆ ಕೆಲಸ ಕೊಡಿಸಿದಳು ಎಂದು ರೋಣದಿಂದ ನರಗುಂದದವರೆಗೆ ಮಂದಿ ಆಡಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷ ಕಾಪಾಡಿಕೊಂಡ ನನ್ನ ಹೆಸರು, ಅಯ್ಯೋ ಪಾಪ.

"ತಪ್ಪಿ ಬಿದ್ದಿರಬೇಕ್ರಿ," ಅಂದೆ.

ಅವರು ಇನ್ನೊಮ್ಮೆ ಸೀರೆ ನೋಡಿ, ನನ್ನ ಮಾತು ನಂಬಿ, ಮುಂದಿನ ನಂಬರಿಗೆ ಹೋದರು. ನಾನು ಬರೆದೆ: ಲಯ, ಎರಡು. ಪ್ರಾಧಾನ್ಯ, ಮೂರು. ಕೆಳಗೆ ಟಿಪ್ಪಣಿ: "ನೇಯ್ಗೆಯಲ್ಲಿ ಬಿಳಿ ಎಳೆಯೊಂದು ತಪ್ಪಿ ಬಿದ್ದಿದ್ದು, ಲಯಭಂಗವಾಗಿದೆ." ಬರೆಯುವಾಗ ಅದನ್ನು ನಿಷ್ಪಕ್ಷಪಾತ ಅಂದುಕೊಂಡಿದ್ದೆ. ನವಿಲುಗಳಿದ್ದ ಸೀರೆಯೊಂದು ಗೆದ್ದಿತು. ಕಡೆಗೆ ಒಂದೊಂದು ಸೀರೆಗೂ ಅದರ ಅಂಕಪಟ್ಟಿ ಪಿನ್ನು ಮಾಡಿ ಅವರವರ ಮನೆಗೆ ಕಳಿಸಿದರೆಂಬುದು ನನಗೆ ತಿಳಿದದ್ದು ಆಮೇಲೆ.

ತಿಳಿದ ಮರು ಭಾನುವಾರ ಬಸ್ಸು ಹತ್ತಿದೆ. ಸೂಡಿ ದಾಟುವವರೆಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ, ಗಜೇಂದ್ರಗಡದಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮರೆತಿತ್ತು.

ವೀರವ್ವ ಮಗ್ಗದ ದಂಡೆಯ ಮೇಲೆ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಮಡಿಚಿದ ಸೀರೆ, ಅದರ ಮೇಲೆ ನನ್ನ ಪಟ್ಟಿ.

"ಬಾ, ಚಲೋ ಹೊತ್ತಿಗೆ ಬಂದಿ. ಇದನ್ನೊಂದೀಟು ಓದಿ ಹೇಳು. ಅಕ್ಷರ ಗೊತ್ತಾಗತಾವ, ಅರ್ಥ ಆಗವಲ್ದು."

ಓದಿದೆ. ನನ್ನ ದನಿ ಕ್ಲಾಸಿನಲ್ಲಿ ಹಾಜರಿ ಕರೆಯುವ ಹಾಗಿತ್ತು.

"ಲಯ ಅಂದ್ರ ಏನು?"

"ಒಂದ ನಮೂನಿ ಗೆರಿ ಮತ್ತ ಮತ್ತ ಬಂದು, ಕಣ್ಣು ಮುಂದಕ್ಕ ನಡಸ್ಕೊಂಡು ಹೋಗೋದು."

"ಹಂಗಾರ ಎರಡ ಅಂಕ ಬರೋಬರಿ ಐತಿ. ಅವ್ವ ಹೋದಾಗ ನಡಿಯೋದೆಲ್ಲಾ ನಿಂತಿತ್ತು." ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡಳು. "ಪ್ರಾಧಾನ್ಯ ಅಂದ್ರ?"

"ಕಣ್ಣು ಮೊದಲ ಎಲ್ಲಿ ನಿಂದರತೈತಿ, ಅದು."

"ನಿನ್ನ ಕಣ್ಣು ಎಲ್ಲಿ ನಿಂತಿತ್ತು?"

ನಾನು ತಲೆ ಎತ್ತಿದೆ. ಅವಳು ಮಗ್ಗದ ಪಕ್ಕದ ಗೋಡೆ ತೋರಿಸಿದಳು. ನಾನು ಹುಡುಗಿಯಾಗಿದ್ದಾಗ, ನೇಯುವಾಗ ಅವಳಿಗೆ ಲೆಕ್ಕ ತಪ್ಪದಿರಲೆಂದು ಗೆರೆಗಳ ಅಳತೆಯನ್ನು ಇದ್ದಿಲಿನಿಂದ ಅಲ್ಲಿ ಬರೆದಿದ್ದೆ. ಸುಣ್ಣ ಬಳಿಯುವಾಗಲೆಲ್ಲ ಆ ಜಾಗ ಬಿಟ್ಟು ಬಳಿಸುತ್ತ ಬಂದಿದ್ದಾಳೆ. ಪಟ್ಟಿಯ ಅಕ್ಷರ, ಗೋಡೆಯ ಅಕ್ಷರ ಒಂದೇ.

"ಮಂದಿ ಏನಂತಾರೋ ಅಂತ ಅಂಜಿದೆ, ಅಕ್ಕಾ."

"ಅಂಜಿದ್ರ ಎದ್ದ ಬರಬೇಕಿತ್ತು. ಈಕಿ ನಮ್ಮಕ್ಕ, ಇದಕ್ಕ ನಾ ಅಂಕ ಹಾಕಂಗಿಲ್ಲ ಅನಬೇಕಿತ್ತು. ಯಾರ ಬ್ಯಾಡ ಅಂತಿದ್ರು?"

ಯಾರೂ ಅನ್ನುತ್ತಿರಲಿಲ್ಲ. ಇಷ್ಟು ಸರಳ ದಾರಿ ನನಗೆ ಹೊಳೆದಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ತೀರ್ಪುಗಾರಳ ಕುರ್ಚಿ ಬಿಟ್ಟು ಏಳುವ ಮನಸ್ಸಾಗಿರಲಿಲ್ಲ.

"ಕೆಲಸ ಹೋದದ್ದಕ್ಕ ಸಿಟ್ಟಿಲ್ಲ," ಅಂದಳು ವೀರವ್ವ. "ತಪ್ಪಿ ಬಿದ್ದೈತಿ ಅಂತ ಬರದಿ ನೋಡು, ಅದು. ಗೊತ್ತಿಲ್ಲದವರು ಬರದಿದ್ರ ನಕ್ಕ ಬಿಡತಿದ್ದೆ."

ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಮಗ್ಗದ ಕಂಬ ಹಿಡಿದು, ಮೊದಲು ಒಂದು ಕಾಲು, ಹಲ್ಲು ಕಚ್ಚಿ ಇನ್ನೊಂದು ಕಾಲು, ಕುಣಿಯೊಳಗೆ ಇಳಿಸಿದಳು. ಲಾಳಿ ಕೈಗೆತ್ತಿಕೊಂಡು ನನ್ನ ಕಡೆ ನೋಡದೆಯೇ ಮಾತಾಡಿದಳು.

"ನೀ ಸತ್ತಾಗ ನಾ ಬಿಳಿ ಎಳಿ ಹಾಕಂಗಿಲ್ಲ, ಮಧುಮತಿ. ಲಯ ಕೆಡತೈತಿ."