ಅಳೆಯುವ ಜಾಗದ ಬಿಸಿ

೨೦೧೯ರ ನವೆಂಬರ್ ೧೪, ಗುರುವಾರ, ಬೆಳಗ್ಗೆ ಹನ್ನೊಂದು ಇಪ್ಪತ್ತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಡಿಗ್ರಿ, ವೈದ್ಯರ ಮುಂದೆ ಎದೆಯುಬ್ಬಿಸಿ ಕೂತಿದ್ದ. ಬಾಯಿ ತೆರೆದರೆ ಉಷ್ಣಾಂಶವನ್ನೇ ಹೇಳುವವನಿಗೆ ಜೊತೆಗಾರರು ಇಟ್ಟ ಹೆಸರದು. ದರ್ಜಿ ಕೆಲಸದ ಹೆಂಡತಿ ಹೊರಗೆ ಬೆಂಚಿನ ಮೇಲೆ ಯಾರದೋ ಅಂಗಿಗೆ ಕಾಜ ಹೊಲಿಯುತ್ತಿದ್ದಳು.

ಮಗುವಾಗಲೆಂದು ಫೆಬ್ರವರಿಯಲ್ಲಿ ಅವನಿಗೆ ವೆರಿಕೋಸೀಲ್ ಶಸ್ತ್ರಕ್ರಿಯೆ ಆಗಿತ್ತು. ವೃಷಣದ ಸುತ್ತಲಿನ ರಕ್ತನಾಳಗಳು ಊದಿ, ರಕ್ತ ನಿಂತು, ಅಲ್ಲಿ ಬಿಸಿ ಏರುತ್ತದೆ. ಆ ಬಿಸಿಯನ್ನು ವೀರ್ಯಾಣು ತಡೆಯುವುದಿಲ್ಲ. ಇದನ್ನು ಅವನಿಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಮೇ ತಿಂಗಳ ಹೊತ್ತಿಗೆ ವೀರ್ಯಾಣು ಮಿಲಿಲೀಟರಿಗೆ ನಲವತ್ತು ಲಕ್ಷದಿಂದ ತೊಂಬತ್ತು ಲಕ್ಷಕ್ಕೆ ಏರಿತ್ತು. ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮಾತ್ರ ೨೬೦ರಿಂದ ೩೧೦ಕ್ಕೆ ಬಂದು ಮುಷ್ಕರ ಹೂಡಿತ್ತು.

"ದಾರಿ ಸರಿಯಾಗೇ ಇದೆ, ಕಾಯಿರಿ," ಅಂದಿದ್ದರು ವೈದ್ಯರು.

ಕಾಯೋಣವೆಂದರೆ ಹೆಂಡತಿಗೆ ಆಗಲೇ ನಲವತ್ತೊಂದು. ಮಾಪಕದ ಮುಳ್ಳು ಕೆಳಗಿದ್ದರೆ ಉರಿ ಹೆಚ್ಚಿಸುವುದು ಡಿಗ್ರಿಯ ಕಸುಬು. ಜಿಮ್ ನಡೆಸುವ ಭಾವಮೈದ ಅದೇ ಹಾರ್ಮೋನಿನ ಒಂದು ಸೀಸೆ ತಂದುಕೊಟ್ಟ. "ಭಾವ, ಇದು ಗಂಡಸಿನ ಪೆಟ್ರೋಲು. ವಾರಕ್ಕೊಂದು ಇಂಜೆಕ್ಷನ್, ಅಷ್ಟೇ." ಚುಚ್ಚುವವರು ಯಾರು ಎಂಬ ಮಾತು ಬಂದಾಗ ಹೆಂಡತಿ ನಕ್ಕಳು. "ಸೂಜಿ ನನಗೇನು ಹೊಸದಾ? ಅಲುಗಾಡ್ಬೇಡಿ, ಹೊಲಿಗೆ ಸೊಟ್ಟ ಆಗುತ್ತೆ."

ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತತೊಡಗಿದ. ಅವಳು ಗಿರಾಕಿಗಳ ಬಟ್ಟೆಯಲ್ಲಿ ಉಳಿದ ಮೆತ್ತನೆಯ ತುಂಡುಗಳನ್ನು ಬೇರೆ ಎತ್ತಿಡತೊಡಗಿದಳು.

ಈಗ ವೈದ್ಯರು ಹೊಸ ವರದಿಯಿಂದ ತಲೆಯೆತ್ತಿದರು. "ಟೆಸ್ಟೋಸ್ಟೆರಾನ್ ಒಂಬೈನೂರ ನಲವತ್ತು. ಹೊರಗಿನಿಂದ ಏನಾದ್ರೂ ತಗೊಂಡ್ರಾ?"

ಅವನು ಹೆಮ್ಮೆಯಿಂದಲೇ ಹೇಳಿದ. ವೈದ್ಯರು ಕನ್ನಡಕ ತೆಗೆದಿಟ್ಟು, ವರದಿಯಲ್ಲಿ ವೀರ್ಯಾಣುವಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.

"ಮೆದುಳು ರಕ್ತದಲ್ಲಿರೋ ಹಾರ್ಮೋನನ್ನ ಅಳೀತಾ ಇರುತ್ತೆ ಕಣ್ರೀ. ಸಾಕಷ್ಟಿದೆ ಅನ್ಸಿದ್ರೆ, ಕೆಲಸ ನಿಲ್ಸು ಅಂತ ವೃಷಣಕ್ಕೆ ಹೇಳುತ್ತೆ. ನೀವು ಚುಚ್ಚಿಸಿಕೊಂಡಿದ್ದು..."

ಮುಂದಿನದು ಅವನಿಗೆ ಬೇಕಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಕಾರ್ಖಾನೆಯ ಕಾವಲುಗಾರ ಕೈ ಕಾಯಿಸಿಕೊಳ್ಳಲೆಂದು ಹೀಟರನ್ನು ಉಷ್ಣಮಾಪಕದ ಪಕ್ಕಕ್ಕೆ ತಂದಿಟ್ಟಿದ್ದ. ಎಲ್ಲ ಬಿಸಿಯಾಗಿದೆ ಎಂದುಕೊಂಡು ಬಾಯ್ಲರ್ ತಾನಾಗಿ ಆರಿತ್ತು. ಬಣ್ಣದ ತೊಟ್ಟಿಗಳು ತಣ್ಣಗಾಗಿ ಬಟ್ಟೆಯೆಲ್ಲ ಹಾಳಾಗಿತ್ತು. ಎಲ್ಲರೆದುರು ಅವನನ್ನು ಜಾಡಿಸಿದವನು ಇದೇ ಡಿಗ್ರಿ: "ಅಳೆಯೋ ಜಾಗಕ್ಕೇ ಬಿಸಿ ಕೊಟ್ರೆ ಒಲೆ ಯಾಕಪ್ಪಾ ಉರಿಯುತ್ತೆ, ಬೃಹಸ್ಪತಿ?"

"ಮತ್ತೆ ಹೊತ್ತಿಕೊಳ್ಳುತ್ತಾ ಸಾರ್?"

"ಇಂಜೆಕ್ಷನ್ ಬಿಟ್ಟು ನೋಡೋಣ. ಆರು ತಿಂಗಳು, ವರ್ಷ, ಕೆಲವರಿಗೆ ಎರಡು ವರ್ಷ. ಮಾತು ಕೊಡಕ್ಕಾಗಲ್ಲ. ಮನೆಯವರ ವಯಸ್ಸು ಬೇರೆ..."

ಹೊರಗೆ ಬಂದಾಗ ಅವಳು ಸೂಜಿಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿ ಎದ್ದಳು.

"ಹಾರ್ಮೋನ್ ಎಷ್ಟಾಯ್ತು?"

"ಒಂಬೈನೂರ ನಲವತ್ತು."

"ನೋಡಿದ್ರಾ ನನ್ನ ಕೈಗುಣ!"

ತಪ್ಪನ್ನು ಶಸ್ತ್ರಕ್ರಿಯೆಯ ತಲೆಗೆ ಕಟ್ಟಿಬಿಟ್ಟರೆ ಅವಳ ಕೈಯಾದರೂ ಉಳಿಯುತ್ತದೆ ಎಂದು ಅವನಿಗನ್ನಿಸಿತು.

"ಆಪರೇಷನ್ನೇ ಕೈಕೊಡ್ತು ಕಣೇ."

ಅವಳು ಅವನ ಮುಖವನ್ನೇ ನೋಡಿದಳು. "ಮೇ ತಿಂಗಳಲ್ಲಿ ಏರಿತ್ತಲ್ಲ. ಕೆಟ್ಟಿದ್ದು ಆಮೇಲೆ." ಒಂದು ಉಸಿರು ಬಿಟ್ಟು, "ಸೂಜಿಯಿಂದಾನಾ?"

ಅವನ ಕಣ್ಣು ಕಾಲರಿಗೆ ಸಿಕ್ಕಿಸಿದ್ದ ಸೂಜಿಯ ಮೇಲೆ ಹೋಯಿತು. ಅವಳು ಬಲಗೈಯನ್ನು ಮೆಲ್ಲಗೆ ಅಂಗಿಯ ಮಡಿಕೆಯೊಳಗೆ ಸೇರಿಸಿಕೊಂಡು ಮತ್ತೆ ಬೆಂಚಿನ ಮೇಲೆ ಕೂತಳು.

"ಇನ್ನೊಂದು ಎಷ್ಟಿದೆ, ಹೇಳಿ. ನನ್ನಾಣೆ, ಇದ್ದದ್ದನ್ನೇ ಹೇಳಿ."

ಡಿಗ್ರಿ ತನ್ನ ಕೆಲಸದಲ್ಲಿ ಮುಳ್ಳು ತೋರಿಸಿದ್ದನ್ನು ಎಂದೂ ತಿರುಚಿ ಹೇಳಿದವನಲ್ಲ. ಅವಳ ಪಕ್ಕದಲ್ಲಿ ಕೂತು ಹೇಳಿದ.

"ಮಿಲಿಲೀಟರಿಗೆ ಸೊನ್ನೆ."