ಧೈದಾನರ ಎಡಗೈ

ಧೈದಾನರ ಎಡಗೈ ನೆಟ್ಟಗೆ ಕೆಳಗೆ ಇಳಿಬಿದ್ದದ್ದನ್ನು ಮರುಭೂಮಿಯಂಚಿನ ನಮ್ಮೂರು ಜಹ್ರಾದಲ್ಲಿ ಯಾರೂ ಕಂಡವರಿಲ್ಲ. ಮೊಣಕೈ ಮಡಚಿ, ಮುಂಗೈ ಮುಂದಕ್ಕೆ ಚಾಚಿ, ಮಣಿಕಟ್ಟನ್ನು ತುಸು ಮೇಲೆತ್ತಿಕೊಂಡೇ ಅವರು ನಡೆಯುತ್ತಾರೆ. ಮದುವೆಮನೆಯಲ್ಲಿ ಅನ್ನದ ಹರಿವಾಣದ ಮುಂದೆ ಕುಳಿತಾಗಲೂ, ಮಸೀದಿಯ ಮೆಟ್ಟಿಲ ಮೇಲೆ ಯಾರೊಡನೆಯೋ ಹರಟುವಾಗಲೂ, ಕಡೆಗೆ ನಿದ್ದೆಯಲ್ಲೂ ಆ ಕೈ ಹಾಗೆಯೇ ಇರುತ್ತದೆಂದು ಅವರ ಹೆಂಡತಿ ವದ್ಹಾ ಹೇಳುತ್ತಾರೆ. ಹದಿಹರೆಯದಿಂದ ಆ ಕೈಯ ಮೇಲೆ ಒಂದಲ್ಲ ಒಂದು ಬೇಟೆಯ ಡೇಗೆ ಕೂತೇ ಇದೆ. ಹಕ್ಕಿಯಿಲ್ಲದ ಹೊತ್ತಿನಲ್ಲೂ ಕೈ ಅದರ ಹಾದಿ ಕಾಯುತ್ತದೆ.

ಹಿರಿಯ ಮಗ ಶಾಫಿಯಾದ್ದರಿಂದ ಊರಿಗೆಲ್ಲ ಅವರು ಬೂ ಶಾಫಿ, ಅಂದರೆ ಶಾಫಿಯ ಅಪ್ಪ. ಕೆಲವು ವರ್ಷದ ಹಿಂದಿನವರೆಗೂ ಅವರದು ಮಹಾಕಾಯ. ಚಳಿಗಾಲದಲ್ಲಿ ಅವರು ಹೊದೆಯುತ್ತಿದ್ದ ಕುರಿತುಪ್ಪಳದ ಫರ್ವಾ ನಿಲುವಂಗಿಯೊಳಗೆ ಒಂದು ಸಂಸಾರವೇ ಬೀಡು ಬಿಡಬಹುದೆಂದು ದಿವಾನಿಯಾದ ಗೆಳೆಯರು ಛೇಡಿಸುತ್ತಿದ್ದರು. ಅವರ ಮನೆಯ ಮುಂಭಾಗದ ಆ ಬೈಠಕ್ ಕೋಣೆಯಲ್ಲಿ ಸಂಜೆ ಸೇರುವ ನಮಗೆಲ್ಲ ಒಂದು ಸೋಜಿಗವಿತ್ತು: ಪ್ರತಿದಿನ ಬೆಳಗ್ಗೆ ತಮ್ಮ ಡೇಗೆ ಶಲ್ವಾಳನ್ನು ತಕ್ಕಡಿಯಲ್ಲಿ ತೂಗಿ, ಅದರ ಎದೆಮೂಳೆಯನ್ನು ಎರಡು ಬೆರಳಿನಿಂದ ಒತ್ತಿ ಆರೋಗ್ಯ ತಿಳಿಯುತ್ತಿದ್ದ ಮನುಷ್ಯ, ವರ್ಷಕ್ಕೊಮ್ಮೆ ಅದಕ್ಕೆ ಹಕ್ಕಿಗಳ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸುತ್ತಿದ್ದ ಮನುಷ್ಯ, ತಾನು ಮಾತ್ರ ತೂಕದ ಯಂತ್ರದ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ. ಯಾರಾದರೂ ಕೆಣಕಿದರೆ "ಹಕ್ಕಿಗೆ ಸುಳ್ಳು ಗೊತ್ತಿಲ್ಲ" ಎಂದುಬಿಡುವರು. ಯಾವ ವಾದವನ್ನಾದರೂ ಅವರು ಮುಗಿಸುತ್ತಿದ್ದುದು ಅದೇ ಮಾತಿನಿಂದ.

ಒಂದು ಚಳಿಗಾಲ, ಮರುಭೂಮಿಯ ಬೇಟೆಯ ಬೀಡಿನಲ್ಲಿ ಶಲ್ವಾ ದಿಬ್ಬದಾಚೆ ಇಳಿದು ಕೂತಿತು. ಏದುಸಿರು ಬಿಡುತ್ತ ಬೂ ಶಾಫಿ ದಿಬ್ಬದ ಅರ್ಧಕ್ಕೇ ಕುಸಿದರು. ಹಕ್ಕಿಯನ್ನು ಬೇರೆಯವರು ತಂದುಕೊಡಬೇಕಾಯಿತು. ಆ ಅವಮಾನ ಅವರನ್ನು ಕೊರೆಯಿತು. ಹೊಟ್ಟೆ ಕಿರಿದು ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ ನಮ್ಮಲ್ಲಿ ಹೊಸದೇನಲ್ಲ, ಮನೆಗೊಬ್ಬರು ಮಾಡಿಸಿಕೊಂಡವರಿದ್ದಾರೆ, ಅವರೂ ಹೊರಟರು. ಶಸ್ತ್ರವೈದ್ಯರು ಮೊದಲು ಮೂಳೆ ನೋಡಿಸಿಕೊಂಡು ಬನ್ನಿ ಎಂದು ಮೂಳೆತಜ್ಞೆ ಡಾಕ್ಟರ್ ಲಮ್ಯಾ ಅವರ ಬಳಿಗೆ ಕಳಿಸಿದರು.

"ಈ ಸ್ಕ್ಯಾನ್ ಮಂಚ ನಿಮ್ಮ ಭಾರ ತಡ್ಕೊಳಲ್ಲ ಬೂ ಶಾಫಿ. ಸದ್ಯಕ್ಕೆ ಮುಂಗೈ ಮೂಳೆ ಮಾತ್ರ ನೋಡ್ತೀನಿ. ಎಡಗೈ ಕೊಡಿ."

"ತಗೊಳ್ಳಿ. ಅದೇನು ನನ್ನದಲ್ಲ, ಶಲ್ವಾದು."

ಮುಂಗೈ ಮೂಳೆ ಗಟ್ಟಿಮುಟ್ಟಾಗಿತ್ತು. ರಕ್ತದಲ್ಲಿ ಡಿ ಜೀವಸತ್ವ ಮಾತ್ರ ತಳ ಕಂಡಿತ್ತು. ಅದನ್ನು ಸರಿಪಡಿಸಿದ ಮೇಲೆಯೇ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ತೂಕ ಇಳಿದಂತೆ ಮೂಳೆಯೂ ಸವೆಯಬಹುದು, ಸುಣ್ಣದಂಶದ ಮಾತ್ರೆ ಬಿಡಬೇಡಿ, ಮಂಚ ಹತ್ತುವಂತಾದಾಗ ಸೊಂಟ, ಬೆನ್ನು ನೋಡೋಣ ಎಂದು ಲಮ್ಯಾ ಒತ್ತಿ ಹೇಳಿದ್ದರು. ಬೂ ಶಾಫಿಯವರ ಕಿವಿಗೆ ಬಿದ್ದದ್ದು ಮುಂಗೈ ಗಟ್ಟಿ ಎಂಬ ಮೊದಲ ಮಾತೊಂದೇ. "ಕಬ್ಬಿಣ ಕಣ್ರಯ್ಯ, ಕಬ್ಬಿಣ" ಎಂದು ಎಡಗೈ ಕುಣಿಸುತ್ತ ದಿವಾನಿಯಾಕ್ಕೆಲ್ಲ ಸಾರಿದರು.

ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಕರಗತೊಡಗಿದರು. ಬೇಟೆಯ ಹಕ್ಕಿ ಕೊಬ್ಬಿದರೆ ಹಾರುವುದಿಲ್ಲ. ಅದರ ತೂಕವನ್ನು ಹದಕ್ಕೆ ಇಳಿಸುವುದೇ ಈ ವಿದ್ಯೆಯ ಮೊದಲ ಪಾಠ. ಅವರು ತಮ್ಮನ್ನೂ ಅದೇ ಪಾಠಕ್ಕೆ ಕೂರಿಸಿಕೊಂಡರು. ಬೆಳಗ್ಗೆ ಶಲ್ವಾ ತಕ್ಕಡಿಯಿಂದ ಇಳಿಯುತ್ತಲೂ ತಾವು ಪಕ್ಕದ ಯಂತ್ರ ಹತ್ತುವರು. "ಹಾರೋ ತೂಕಕ್ಕೆ ಬರ್ತಿದೀನಿ" ಎನ್ನುವರು. ದರ್ಜಿ ಫರ್ವಾವನ್ನು ಹಿಡಿದು ಹೊಲಿದ, ಮತ್ತೆ ಹಿಡಿದು ಹೊಲಿದ. ಸುಣ್ಣದ ಮಾತ್ರೆಯ ಡಬ್ಬಿ ಮಾತ್ರ ಮುಚ್ಚಳ ತೆರೆಯದೆ ಕಪಾಟಿನಲ್ಲಿ ಉಳಿಯಿತು. "ಇದು ಕುದುರೆಗೆ ಕೊಡೋ ಗುಳಿಗೆ. ನನಗ್ಯಾಕೆ?"

ಮುಂದಿನ ಬೀಡು ಹತ್ತಿರವಾದಾಗ ಲಮ್ಯಾ ಕರೆಸಿದರು. ಈ ಸಲ ಮಂಚ ಅವರನ್ನು ತಾಳಿಕೊಂಡಿತು. ಅಂಗಾತ ಮಲಗಿ, ಎಡಗೈ ಮಾತ್ರ ಎಂದಿನಂತೆ ಮೇಲೆತ್ತಿದ್ದರಿಂದ ಲಮ್ಯಾ ಅದನ್ನು ಹಿಡಿದು ಕೆಳಗಿಡಬೇಕಾಯಿತು.

"ಸೊಂಟದ ಮೂಳೆ ಸವೆದಿದೆ. ಈ ಚಳಿಗಾಲ ಮರಳಿಗೆ ಹೋಗ್ಬೇಡಿ. ಅಲ್ಲಿ ಒಂದ್ಸಲ ಮುಗ್ಗರಿಸಿದ್ರೆ, ಆಮೇಲೆ ಹಕ್ಕಿ ಹಿಡ್ಕೊಂಡು ನಡೆಯೋ ಆಸೆನೇ ಬಿಡ್ಬೇಕಾಗುತ್ತೆ."

"ಹೋದ ವರ್ಷ ಕಬ್ಬಿಣ ಅಂದ್ರಲ್ಲ?"

"ಕಬ್ಬಿಣ ಅಂದಿದ್ದು ನೀವು. ನಾನು ಕೈ ಚೆನ್ನಾಗಿದೆ ಅಂದೆ. ನಲವತ್ತು ವರ್ಷ ಆ ಕೈಗೆ ಕೆಲಸ ಕೊಟ್ಟಿದೀರಿ. ಸೊಂಟಕ್ಕೆ ಏನ್ ಕೊಟ್ರಿ?"

ಮುಖ ಗಂಟು ಹಾಕಿಕೊಂಡೇ ಮನೆಗೆ ಬಂದರು. ಏನಾದರೂ ಆಗಲಿ, ಹೋಗುವವನೇ ಎಂದರು. ಇಷ್ಟು ಕಷ್ಟಪಟ್ಟು ಇಳಿಸಿದ ಮೈ ಆ ದಿಬ್ಬ ಹತ್ತಿ ತೋರಿಸದಿದ್ದರೆ ಯಾವ ಪುರುಷಾರ್ಥಕ್ಕೆ ಎಂಬ ಸಂಕಟ ಅವರದು, ಅದನ್ನು ಸುಳ್ಳೆನ್ನಲಾಗದು.

ಅದೇ ವಾರ ಗೆಳೆಯ ಬೂ ತುರ್ಕಿ ತಾವು ಸಾಕುತ್ತಿದ್ದ ಮರಿಡೇಗೆಯನ್ನು ದಿವಾನಿಯಾಕ್ಕೆ ತಂದರು. ಅದರ ಕಾಲು ಸೊಟ್ಟಗಾಗಿತ್ತು. ಬೂ ಶಾಫಿ ಹಕ್ಕಿಯ ಎದೆ ಒತ್ತಿದರು, ಕಾಲು ಸವರಿದರು, ಮುಖ ಕೆಂಪಾಯಿತು.

"ಏನ್ ತಿನ್ನಿಸ್ತಿದೀಯ?"

"ಪಾರಿವಾಳದ ಎದೆಮಾಂಸ. ಮೂಳೆ ಗೀಳೆ ಎಲ್ಲ ತೆಗೆದು, ನಾನೇ ಕೈಯಾರೆ."

"ಮೂಳೆ ತೆಗೆದು ಕೊಟ್ರೆ ಅದರ ಮೂಳೆ ಎಲ್ಲಿಂದ ಬರುತ್ತೆ, ನಿನ್ನ ಗಡ್ಡದಿಂದಾನಾ? ಬರೀ ತೂಕ ನೋಡಿ ಹಕ್ಕಿ ಸಾಕ್ತಾರೇನಯ್ಯಾ? ತೂಕ ಹದವಾಗಿದ್ರೂ ಒಳಗೆ ಟೊಳ್ಳಾಗಿದ್ರೆ ಏನ್ ಬಂತು? ನಾಳೆಯಿಂದ ಇಡೀ ಲಾವಕ್ಕಿ ಹಾಕು, ಮೂಳೆ ಸಮೇತ."

ಒಳಮನೆಯ ಪರದೆಯಾಚೆಯಿಂದ ವದ್ಹಾ ಅವರ ದನಿ ಬಂತು: "ಅದನ್ನೇ ಇನ್ನೊಂದ್ಸಲ ಹೇಳಿ ಬೂ ಶಾಫಿ. ಅಡುಗೆಮನೆಗೆ ಸರಿಯಾಗಿ ಕೇಳಿಸ್ಲಿಲ್ಲ."

ಪರದೆಯ ಕೆಳಗಿಂದ ಚಹಾದ ತಟ್ಟೆ ಜಾರಿ ಬಂತು. ಲೋಟಗಳ ನಡುವೆ ಆ ತೆರೆಯದ ಡಬ್ಬಿ ಕೂತಿತ್ತು. ಬೂ ತುರ್ಕಿ, ಬೈಸಿಕೊಂಡ ಸೇಡು ತೀರಿಸುವವರಂತೆ ಮೆಲ್ಲಗೆ ಹೇಳಿದರು: "ಹಕ್ಕಿಗೆ ಸುಳ್ಳು ಗೊತ್ತಿಲ್ಲ. ಹೆಂಡ್ತಿಗೂ ಗೊತ್ತಿಲ್ಲ ಅಂತ ಕಾಣುತ್ತೆ."

ಬೂ ಶಾಫಿ ಸೊಟ್ಟಕಾಲಿನ ಮರಿಯನ್ನು ಇನ್ನೊಮ್ಮೆ ಸವರಿದರು. ಆಮೇಲೆ ಡಬ್ಬಿ ತೆರೆದು, ದೊಡ್ಡ ಮಾತ್ರೆಯನ್ನು ಎರಡು ತುಂಡು ಮಾಡಿ, ಶಲ್ವಾಳಿಗೆ ಗುಕ್ಕು ಕೊಡುವಷ್ಟೇ ತಾಳ್ಮೆಯಿಂದ ಒಂದಾದ ಮೇಲೊಂದು ಬಾಯಿಗಿಟ್ಟು ನೀರು ಕುಡಿದರು.

ಆ ಚಳಿಗಾಲ ಶಲ್ವಾ ಶಾಫಿಯ ಕೈಯ ಮೇಲೆ ಮರುಭೂಮಿಗೆ ಹೋಯಿತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದ ಬೂ ಶಾಫಿಯವರ ಕಣ್ಣು ತುಂಬಿತ್ತು. ಮರುದಿನದಿಂದ ಅವರು ಬೆಳಗಿನ ಬಿಸಿಲಿನಲ್ಲಿ, ತೋಳು ಮಡಚಿದ ಅಂಗಿ ತೊಟ್ಟು, ನಮ್ಮ ಬೀದಿಯ ಉದ್ದಗಲ ನಡೆಯತೊಡಗಿದರು. ಎಡಗೈ ಮುಂದೆ ಚಾಚಿಯೇ ಇರುತ್ತಿತ್ತು, ಖಾಲಿ. ಆನೆಯಂತೆ ತೂಗುತ್ತಿದ್ದ ನಡಿಗೆ ನಿಧಾನವಾಗಿ ನೆಟ್ಟಗಾಯಿತು. ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಸೊಟ್ಟಕಾಲಿನ ಮರಿಯೂ ಮೂಳೆಸಮೇತ ಲಾವಕ್ಕಿ ತಿಂದು ಗಟ್ಟಿಯಾಯಿತು, ಕಾಲು ತುಸು ವಾರೆಯಾಗಿ ಉಳಿದರೂ.

ಬೇಸಿಗೆ ಕಳೆದ ಮೇಲೆ ಮತ್ತೆ ಮಂಚ. ಲಮ್ಯಾ ಚಿತ್ರವನ್ನು ದೀರ್ಘವಾಗಿ ನೋಡಿ, ಸವೆತ ನಿಂತಿದೆ, ಮೂಳೆ ಕೂದಲೆಳೆಯಷ್ಟು ಹೆಚ್ಚೇ ಗಟ್ಟಿಯಾಗಿದೆ ಎಂದರು. "ಹೋಗಿ ಬನ್ನಿ. ಆದ್ರೆ ದಿಬ್ಬ ನಿಧಾನಕ್ಕೆ ಹತ್ತಿ. ವರ್ಷಕ್ಕೊಂದ್ಸಲ ನನಗೆ ಮುಖ ತೋರಿಸಿ."

"ಶಲ್ವಾನ ಎಕ್ಸ್‌ರೇಗೆ ಕರ್ಕೊಂಡು ಹೋಗೋ ದಿನವೇ ಬರ್ತೀನಿ ಡಾಕ್ಟರೇ. ಇಬ್ಬರದೂ ಒಟ್ಟಿಗೆ ಮುಗೀಲಿ."

ಈಗ ಅವರು ಮರಳಿನಲ್ಲಿದ್ದಾರೆ. ಹಿಡಿದು ಹೊಲಿದ ಫರ್ವಾ ಹೊದ್ದು, ಹಕ್ಕಿಯ ಎದೆಮೂಳೆಯನ್ನು ಎರಡು ಬೆರಳಿನಿಂದ ಒತ್ತಿ, ಅದೇ ಬೆರಳುಗಳಿಂದ ತಮ್ಮ ಸೊಂಟವನ್ನೊಮ್ಮೆ ತಟ್ಟಿ ನೋಡಿಕೊಂಡು ಆ ದಿಬ್ಬ ಹತ್ತುತ್ತಾರೆ. ಎಲ್ಲ ಕಾಲದಲ್ಲೂ ಇಂಥ ಕೆಲವರು ಇರುತ್ತಾರೆ. ಮತ್ತೊಂದು ಜೀವದ ಮೈಯನ್ನು ಅಂಗುಲ ಅಂಗುಲ ಬಲ್ಲ ಇವರಿಗೆ ತಮ್ಮ ಮೈ ಮಾತ್ರ ಅಪರಿಚಿತ. ಅದರ ಅಳಲು ನೇರವಾಗಿ ಅವರ ಕಿವಿಗೆ ತಲುಪುವುದೇ ಇಲ್ಲ. ಅಕ್ಕರೆಯಿಂದ ಸಾಕಿದ ಆ ಜೀವವೇ ಎಂದಾದರೂ ಅವರನ್ನು ಬಳಸುದಾರಿಯಲ್ಲಿ ಅವರದೇ ಮೈಯ ಬಳಿಗೆ ಕರೆತರುತ್ತದೆ. ತಡವಾಗಿ ಬರುತ್ತಾರೆ ನಿಜ, ಆದರೆ ಬರಿಗೈಯಲ್ಲಿ ಬರುವುದಿಲ್ಲ.